ಯಾರ ಮಾತನ್ನು ನಂಬುವುದು?

ಕಣ್ಣಿಂದ ನೋಡದ, ಕೈಯಿಂದ ಮುಟ್ಟದ ವಸ್ತುವಿಗೆ ಮೊದಲೇ ಹಣ ಎಣಿಸಿಕೊಡುವ ಕಾಲ ಇದು. ನಮ್ಮ ಅವ್ವ ಕಿನ್ನಾಳದ ಗೊಂಬೆ ಕೊಳ್ಳುವಾಗ ಅದನ್ನು ತಿರುಗಿಸಿ ನೋಡುತ್ತಿದ್ದಳು, ಬಣ್ಣವನ್ನು ಬೆರಳಿನಿಂದ ತಿಕ್ಕುತ್ತಿದ್ದಳು, ಕಿವಿಯ ಹತ್ತಿರ ಹಿಡಿದು ಬಡಿಯುತ್ತಿದ್ದಳು. ಆಮೇಲೆಯೇ ಸೆರಗಿನ ಗಂಟು ಬಿಚ್ಚುವುದು. ಈಗ ಸೀರೆ, ಅಕ್ಕಿ, ಡಾಕ್ಟರು, ಕಾಲೇಜು, ಕೊನೆಗೆ ಅಳಿಯ, ಎಲ್ಲದಕ್ಕೂ ಮೊದಲು ಬೇರೆಯವರ ಮಾತು ಬೇಕು. ನಾವು ಎಲ್ಲವನ್ನೂ ಸ್ವತಃ ಪರೀಕ್ಷಿಸಲಾರೆವು. ಹಾಗಾಗಿ ನಮಗಿಂತ ಮೊದಲು ಕಂಡವರನ್ನು ಕೇಳುತ್ತೇವೆ. ಆದರೆ ಹೇಳುವವರು ಯಾರ ಪರವಾಗಿ ಹೇಳುತ್ತಿದ್ದಾರೆ? ಈ ಪ್ರಶ್ನೆ ನಿಮ್ಮನ್ನೂ ಎಂದಾದರೂ ಕಾಡಿರಬೇಕು.

ನನ್ನನ್ನು ಈ ಪ್ರಶ್ನೆಗೆ ಹಚ್ಚಿದವನು ಗಂಗಾವತಿಯಲ್ಲಿರುವ ನನ್ನ ತಂಗಿಯ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಓದಿಗಿಂತ ಕಂಪ್ಯೂಟರಿನಲ್ಲಿ ವಿಡಿಯೊ ಗೇಮ್ ಆಡುವುದರಲ್ಲಿ ಹೆಚ್ಚು ಆಸಕ್ತಿ ಎಂದು ತಂಗಿಯ ದೂರು. ನಾನು ಮೊದಲು ಇದನ್ನು ಮಕ್ಕಳಾಟ ಎಂದೇ ಕೇಳಿದ್ದೆ. ಒಂದು ಗೇಮಿನ ಬೆಲೆ ಮೂರು ನಾಲ್ಕು ಸಾವಿರ ರೂಪಾಯಿ ಎಂದು ಗೊತ್ತಾದ ಮೇಲೆ ಕಿವಿ ನೆಟ್ಟಗಾಯಿತು. ಅವನು ತಿಂಗಳುಗಟ್ಟಲೆ ಪಾಕೆಟ್ ಮನಿ ಕೂಡಿಸಿಟ್ಟು ಒಂದೊಂದನ್ನು ಕೊಳ್ಳುತ್ತಾನೆ.

"ಇಷ್ಟ ರೊಕ್ಕಾ ಕೊಡೋಕ್ಕಿಂತ ಮೊದಲ ಅದು ಚಲೋ ಐತೋ ಇಲ್ಲೋ ಅಂತ ಹೆಂಗ ಗೊತ್ತಾಕ್ಕೈತೊ ತಮ್ಮಾ? ಸಿನಿಮಾಕ್ಕ ವಿಮರ್ಶೆ ಬಂದಂಗ ಇದಕ್ಕೂ ಬರ್ತಾವೇನು?" ಎಂದೆ.

"ಬರ್ತಾವ ದೊಡ್ಡವ್ವ. ಆದ್ರ ಅವನ್ನ ಯಾರ ನಂಬ್ತಾರ? ಎಲ್ಲಾ ರೊಕ್ಕಾ ತಗೊಂಡು ಬರೀತಾರ" ಎಂದು ಕೈ ಝಾಡಿಸಿಬಿಟ್ಟ.

ಇಪ್ಪತ್ತು ವರ್ಷದ ಹುಡುಗ ಒಂದು ಇಡೀ ವೃತ್ತಿಯ ಮೇಲೆ ಇಷ್ಟು ಖಚಿತವಾಗಿ ತೀರ್ಪು ಕೊಟ್ಟದ್ದು ನನಗೆ ಸೋಜಿಗವೆನಿಸಿತು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳು ನಾನು. ವಿಮರ್ಶೆ ಎಂಬ ಶಬ್ದದ ಬಗ್ಗೆ ಸ್ವಲ್ಪ ಗೌರವ ಉಳಿದಿದೆ. "ಸಾಕ್ಷಿ ಕೊಡು" ಎಂದೆ. ಕೊಟ್ಟ.

ಅಮೆರಿಕದಲ್ಲಿ ಗೇಮ್‌ಸ್ಪಾಟ್ ಎಂಬ ವಿಮರ್ಶೆಯ ತಾಣವಿದೆ. 2007ರ ನವೆಂಬರಿನಲ್ಲಿ ಜೆಫ್ ಗರ್ಸ್ಟ್‌ಮನ್ ಎಂಬ ವಿಮರ್ಶಕ ಅಲ್ಲಿ ಒಂದು ಹೊಸ ಗೇಮಿಗೆ ಹತ್ತಕ್ಕೆ ಆರು ಅಂಕ ಕೊಟ್ಟ. ಅದೇ ಗೇಮಿನ ಜಾಹೀರಾತು ಅದೇ ತಾಣದ ತುಂಬ ರಾರಾಜಿಸುತ್ತಿತ್ತು. ಸ್ವಲ್ಪ ದಿನದಲ್ಲೇ ಅವನ ಕೆಲಸ ಹೋಯಿತು. ಜಾಹೀರಾತು ಕೊಟ್ಟವರ ಒತ್ತಡದಿಂದಲೇ ಹೀಗಾಯಿತೆಂದು ಆಡುವವರೆಲ್ಲ ಆಗಲೇ ಗುಲ್ಲೆಬ್ಬಿಸಿದರು. ಅವನು ಬಾಯಿ ಬಿಟ್ಟು ನಡೆದದ್ದನ್ನು ಹೇಳಲು 2012ರವರೆಗೆ ಕಾಯಬೇಕಾಯಿತು.

ಇನ್ನೊಂದು 2020ರ ಡಿಸೆಂಬರಿನದು. ಸೈಬರ್‌ಪಂಕ್ 2077 ಎಂಬ, ಜಗತ್ತೆಲ್ಲ ಕಾಯುತ್ತಿದ್ದ ಪೋಲೆಂಡಿನ ಗೇಮು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕಂಪ್ಯೂಟರಿನಲ್ಲಿ ಆಡುವ ಪ್ರತಿಯನ್ನಷ್ಟೇ ಕೊಟ್ಟರು. ತಾವು ಆಡಿದ ದೃಶ್ಯಗಳನ್ನು ತೋರಿಸಲೂ ಅವರಿಗೆ ಅನುಮತಿಯಿರಲಿಲ್ಲ. ಕಂಪನಿ ಕೊಟ್ಟ ದೃಶ್ಯಗಳನ್ನೇ ತೋರಿಸಬೇಕು. ಹೊಗಳಿಕೆ ಹರಿದು ಬಂತು. ಟಿವಿಗೆ ಜೋಡಿಸುವ ಹಳೆಯ ಪೆಟ್ಟಿಗೆಗಳಲ್ಲಿ ಆಡಲು ಕೊಂಡವರಿಗೆ ಮಾತ್ರ ಗೇಮು ನಡುನಡುವೆ ನಿಂತುಹೋಗುತ್ತಿತ್ತು, ಚಿತ್ರಗಳು ಕಲಸಿಹೋಗುತ್ತಿದ್ದವು. ಒಂದೇ ವಾರದಲ್ಲಿ ಸೋನಿ ಕಂಪನಿ ತನ್ನ ಅಂಗಡಿಯಿಂದ ಅದನ್ನು ತೆಗೆದುಹಾಕಿ, ಕೊಂಡವರಿಗೆ ಹಣ ಮರಳಿಸಲು ಒಪ್ಪಿತು. 2021ರ ಜೂನಿನವರೆಗೆ ಅದು ಆ ಅಂಗಡಿಗೆ ಮರಳಲಿಲ್ಲ.

ಇದನ್ನು ಕೇಳಿದಾಗ ನನಗೆ ಹೆಣ್ಣು ನೋಡುವ, ಗಂಡಿನ ಮನೆ ನೋಡುವ ಶಾಸ್ತ್ರ ನೆನಪಾಯಿತು. ಪಡಸಾಲೆಗೆ ಹೊಸ ಜಮಖಾನ ಹಾಸಿರುತ್ತಾರೆ, ಪಕ್ಕದ ಮನೆಯಿಂದ ಕುರ್ಚಿ ತಂದಿರುತ್ತಾರೆ. ಅಡುಗೆಮನೆಯ ಬಾಗಿಲಿಗೆ ಪರದೆ ಬಿಟ್ಟಿರುತ್ತಾರೆ. ನೋಡಿ ಬಂದವರು "ಮನಿ ಚಲೋ ಐತ್ರಿ" ಎಂದರೆ ಅವರು ಸುಳ್ಳು ಹೇಳಿದಂತಾಯಿತೆ? ತೋರಿಸಿದ್ದನ್ನು ನೋಡಿದರು, ನೋಡಿದ್ದನ್ನು ಹೇಳಿದರು. ಆದರೆ "ಪಡಸಾಲೆ ಮಾತ್ರ ನೋಡಿದೆವು, ಒಳಗೆ ಬಿಡಲಿಲ್ಲ" ಎಂಬ ಅರ್ಧ ಮಾತು ಬಾಯಲ್ಲೇ ಉಳಿದರೆ ಕೇಳುವವರ ಪಾಲಿಗೆ ಅದು ಸುಳ್ಳಿನಷ್ಟೇ ಹಾನಿ ಮಾಡುತ್ತದೆ. ಆ ಗೇಮಿನ ವಿಷಯದಲ್ಲಿ ಕೆಲವು ವಿಮರ್ಶಕರು ಆ ಅರ್ಧ ಮಾತನ್ನೂ ಹೇಳಿದ್ದರಂತೆ. ಅಂಕವನ್ನಷ್ಟೇ ನೋಡುವವರು ಅಲ್ಲಿಯವರೆಗೆ ಓದಲಿಲ್ಲ.

ನನ್ನ ಮಗನ ವಯಸ್ಸಿನವರಿಗೆ ಇದೆಲ್ಲ ಹೊಸದಾಗಿ ಕಾಣಬಹುದು. ನಮಗೇನು ಹೊಸದಲ್ಲ. 2001ರಲ್ಲಿ ಬಯಲಿಗೆ ಬಂದ ಡೇವಿಡ್ ಮ್ಯಾನಿಂಗ್ ಪ್ರಕರಣ ಕೇಳಿ. ಸೋನಿಯವರ ಕೊಲಂಬಿಯಾ ಚಿತ್ರಸಂಸ್ಥೆಯ ಸಿನಿಮಾ ಜಾಹೀರಾತುಗಳಲ್ಲಿ ಆ ಹೆಸರಿನ ವಿಮರ್ಶಕನ ಹೊಗಳಿಕೆ ಅಚ್ಚಾಗುತ್ತಿತ್ತು. ವಿಚಾರಿಸಿ ನೋಡಿದರೆ ಅಂಥ ಮನುಷ್ಯನೇ ಇರಲಿಲ್ಲ! ಸಂಸ್ಥೆಯ ಪ್ರಚಾರ ವಿಭಾಗವೇ ಅವನನ್ನು ಹುಟ್ಟಿಸಿತ್ತು. 2005ರಲ್ಲಿ ಹದಿನೈದು ಲಕ್ಷ ಡಾಲರಿಗೆ ಆ ಮೊಕದ್ದಮೆ ರಾಜಿಯಾಯಿತು. ನಮ್ಮ ದೇಶದಲ್ಲಿ 2009ರ ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗಳ ಹೊಗಳಿಕೆ ಸುದ್ದಿಯ ವೇಷದಲ್ಲಿ ಪತ್ರಿಕೆಗಳಲ್ಲಿ ಬಂದದ್ದನ್ನು ಕುರಿತು ಪ್ರೆಸ್ ಕೌನ್ಸಿಲ್ 2010ರಲ್ಲಿ ವರದಿಯನ್ನೇ ಕೊಡಬೇಕಾಯಿತು. ಕಾಸಿಗೆ ಸುದ್ದಿ ಎಂಬ ಮಾತು ಆಗ ಮನೆಮಾತಾಯಿತು. ಹುಡುಗನ ಸಂಶಯಕ್ಕೆ ಬುಡವಿಲ್ಲ ಎಂದು ಯಾರು ಹೇಳಬೇಕು?

ಆದರೂ ಅವನ ಮಾತನ್ನು ಪೂರ್ತಿ ಒಪ್ಪಲು ನನ್ನ ಮನಸ್ಸು ತಯಾರಿರಲಿಲ್ಲ. ಯಾಕೆಂದರೆ ಒಬ್ಬ ವಿಮರ್ಶಕನ ಮೇಲಿನ ಅಪನಂಬಿಕೆಗೆ ಬೇರು ಒಂದೇ ಅಲ್ಲ, ಮೂರಿವೆ. ಒಂದು, ಅವನು ಹಣಕ್ಕೆ ಮಾರಿಕೊಂಡಿದ್ದಾನೆ ಎಂಬುದು. ಎರಡು, ಅವನು ನಮ್ಮವನಲ್ಲ, ನಮ್ಮ ರುಚಿ ಅವನಿಗೆ ತಿಳಿಯದು ಎಂಬುದು. ಮೂರು, ನನಗೆ ಪ್ರಿಯವಾದದ್ದನ್ನು ಅವನು ಹಳಿದ ಎಂಬ ಸಿಟ್ಟು. ನಾವು ಸಾಮಾನ್ಯವಾಗಿ ಎರಡನೆಯದನ್ನೂ ಮೂರನೆಯದನ್ನೂ ಮೊದಲನೆಯದರ ಲೆಕ್ಕಕ್ಕೆ ಜಮಾ ಮಾಡಿಬಿಡುತ್ತೇವೆ.

ಎರಡನೆಯದಕ್ಕೆ ನಮ್ಮ ಕಡೆಯ ಕಂಪನಿ ನಾಟಕಗಳೇ ಉದಾಹರಣೆ. ನಾನು ಹುಟ್ಟಿ ಬೆಳೆದದ್ದು ಕುಷ್ಟಗಿ. ಬನಶಂಕರಿ ಜಾತ್ರೆಗೆ ಹೋದರೆ ನಾಟಕ ನೋಡದೆ ಬರುವಂತಿರಲಿಲ್ಲ. ಮೊದಲ ರಾತ್ರಿ ನೋಡಿ ಬಂದವರು ಬಸ್ ಸ್ಟ್ಯಾಂಡಿನಲ್ಲಿ, ಬಾವಿಕಟ್ಟೆಯಲ್ಲಿ ಹೇಳಿದ್ದೇ ವಿಮರ್ಶೆ. ಪಕ್ಕದ ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಊರೂರು ತಿರುಗಿ ಜನರನ್ನು ಸೆಳೆದು, 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಕೂಡ ಆಯಿತು. ಪಂಡಿತರ ವಿಮರ್ಶೆ ಇಂಥ ನಾಟಕಗಳ ಕಡೆ ಬಹುಕಾಲ ತಿರುಗಿಯೂ ನೋಡಲಿಲ್ಲ. ಅವರು ಲಂಚ ತಿಂದಿದ್ದರೆ? ಇಲ್ಲ. ಅವರು ಕಲೆಯನ್ನು ಕೇಳುತ್ತಿದ್ದರು. ಇಡೀ ದಿನ ಹೊಲದಲ್ಲಿ ದುಡಿದು ಬಂದ ನಮ್ಮ ಹೆಣ್ಣುಮಕ್ಕಳು ಮೂರು ತಾಸು ನಗುವನ್ನೂ ಕಣ್ಣೀರನ್ನೂ ಕೇಳುತ್ತಿದ್ದರು. ಪ್ರಶ್ನೆಗಳೇ ಬೇರೆ ಇದ್ದಾಗ ಉತ್ತರಗಳು ಕೂಡಬೇಕೆಂದರೆ ಹೇಗೆ?

ಮೂರನೆಯ ಬೇರು ಇನ್ನೂ ಆಳದ್ದು. 2020ರ ಜೂನಿನಲ್ಲಿ 'ದಿ ಲಾಸ್ಟ್ ಆಫ್ ಅಸ್' ಗೇಮಿನ ಎರಡನೆಯ ಭಾಗ ಬಂತು. ವಿಮರ್ಶಕರು ಬಹಳ ಮೆಚ್ಚಿದರು. ಸಾಮಾನ್ಯರು ಅಂಕ ಕೊಡುವ ಮೆಟಾಕ್ರಿಟಿಕ್ ತಾಣದಲ್ಲಿ ಮಾತ್ರ ಬಿಡುಗಡೆಯಾದ ಕೆಲವೇ ತಾಸುಗಳಲ್ಲಿ ಸಾವಿರಾರು ಸೊನ್ನೆಗಳು ಬಿದ್ದವು. ಆ ಗೇಮನ್ನು ಮುಗಿಸಲು ಇಪ್ಪತ್ತು ತಾಸಿಗೂ ಹೆಚ್ಚು ಬೇಕಂತೆ! ಊಟಕ್ಕೆ ಕೂಡುವ ಮೊದಲೇ ಅಡುಗೆ ಉಪ್ಪಾಗಿದೆ ಎಂದು ತಾಟು ದೂಡಿದ ಹಾಗೆ. ಮುಂದಿನ ತಿಂಗಳು ಆ ತಾಣದವರು ಹೊಸ ಗೇಮು ಬಂದ ಮೂವತ್ತಾರು ತಾಸಿನವರೆಗೆ ಯಾರೂ ಅಂಕ ಹಾಕುವಂತಿಲ್ಲ ಎಂದು ನಿಯಮ ಮಾಡಿದರು. ನಮ್ಮಲ್ಲೂ 2025ರ ಡಿಸೆಂಬರಿನಲ್ಲಿ 'ದಿ ಡೆವಿಲ್' ಸಿನಿಮಾ ಬಂದಾಗ, ಟಿಕೆಟ್ ಮಾರುವ ಬುಕ್‌ಮೈಶೋದಲ್ಲಿ ಪ್ರೇಕ್ಷಕರ ಅಂಕವನ್ನೂ ಅಭಿಪ್ರಾಯವನ್ನೂ ಕೋರ್ಟಿನ ಆದೇಶದ ಮೇಲೆ ಮುಚ್ಚಿದ್ದರು. ವಿಮರ್ಶಕರು ಬೇಡ, ಜನರೇ ಹೇಳಲಿ ಎಂದು ತೆರೆದ ಬಾಗಿಲಿಗೆ ಮತ್ತೆ ಚಿಲಕ ಬಿತ್ತು.

ಇದನ್ನು ನಮ್ಮ ಹುಡುಗನಿಗೆ ಕೇಳಿದೆ. "ರೊಕ್ಕಾ ತಗೊಂಡಾವ ಸುಳ್ಳ ಹೇಳ್ತಾನ ಅಂದಿ. ಇವ್ರು ರೊಕ್ಕಾ ತಗೊಳ್ದ ಯಾಕ ಸುಳ್ಳ ಹೇಳಿದ್ರೊ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬ್ಯಾರೆ ದೊಡ್ಡವ್ವ" ಎಂದ. ಬೇರೆ ಹೇಗೆ ಎಂದು ಹೇಳಲಿಲ್ಲ.

ಈ ಅಂಕಗಳದ್ದೇ ಒಂದು ಕತೆ. 'ಫಾಲ್ಔಟ್: ನ್ಯೂ ವೆಗಾಸ್' ಎಂಬ ಗೇಮನ್ನು 2010ರಲ್ಲಿ ತಯಾರಿಸಿದ ಅಬ್ಸಿಡಿಯನ್ ಕಂಪನಿಗೆ, ಮೆಟಾಕ್ರಿಟಿಕ್ಕಿನಲ್ಲಿ ವಿಮರ್ಶಕರ ಸರಾಸರಿ 85 ಬಂದರೆ ಬೋನಸ್ ಎಂದು ಕರಾರಾಗಿತ್ತಂತೆ. ಬಂದದ್ದು 84. ಬೋನಸ್ ಕೈತಪ್ಪಿತು. ಒಂದು ಅಂಕದ ಹಿಂದೆ ಎಷ್ಟು ಜನರ ದುಡಿಮೆ ಇದೆ ಎಂದು ನೋಡಿ. ಉತ್ತರಪತ್ರಿಕೆ ತಿದ್ದಿದ ನನಗೆ ಗೊತ್ತು, ಆಗ 34ಕ್ಕೂ 35ಕ್ಕೂ ನಡುವೆ ಇದ್ದದ್ದು ಬರೇ ಒಂದು ಅಂಕವಲ್ಲ.

ಹಾಗಾದರೆ ಯಾರನ್ನು ನಂಬುವುದು? ಹಣ ಪಡೆದವನ ಮಾತೆಲ್ಲ ಸುಳ್ಳೆ? ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಂದು ಕಲ್ಲಿನ ಸಾಕ್ಷಿ ಇದೆ. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು ನೀವು ನೋಡಿರಬಹುದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಅದನ್ನು ಕಟ್ಟಿಸಿದ. ಅಲ್ಲಿಯ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕೊಂಡಾಡುತ್ತದೆ. ಕಟ್ಟಿಸಿದವನ ಗುಡಿಯ ಮುಂದೆ, ಕಟ್ಟಿಸಿದವನ ಕೀರ್ತಿಗಾಗಿ ಕೆತ್ತಿದ ಹೊಗಳಿಕೆ ಅದು. ಇಂದಿನ ಭಾಷೆಯಲ್ಲಿ ಹೇಳಿದರೆ ಜಾಹೀರಾತು. ಆದರೆ ಆ ಕಂಬಗಳ ನುಣುಪನ್ನು ಸವರಿ, ಬಾಗಿಲವಾಡದ ಕೆತ್ತನೆಯ ಮುಂದೆ ನಿಂತಾಗ, ಬರೆದವನು ತಪ್ಪು ಹೇಳಿದ ಎಂದು ನನಗಂತೂ ಅನ್ನಿಸಿಲ್ಲ. ಹಣ ಕೊಟ್ಟು ಬರೆಸಿದ ಮಾತೂ ನಿಜವಾಗಬಹುದು. ಪುಕ್ಕಟೆ ಮಾತೂ ಸುಳ್ಳಾಗಬಹುದು. ಹಣ ಸಂಶಯಕ್ಕೆ ಕಾರಣ, ತೀರ್ಪಿಗಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ 'ಕವಿರಾಜಮಾರ್ಗ'. ಒಂಬತ್ತನೆಯ ಶತಮಾನದ್ದು. ಅದು ಕತೆಯಲ್ಲ, ಕಾವ್ಯದ ಗುಣದೋಷಗಳನ್ನು ಹೇಳುವ ವಿಮರ್ಶೆಯ ಪುಸ್ತಕ! ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಅದು ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳವೂ ಒಂದು. ಇನ್ನೊಂದು ಮಾತು ಅದರಲ್ಲಿದೆ: ಈ ನಾಡಿನ ಜನ ಓದದೆಯೂ ಕಾವ್ಯದ ಮರ್ಮ ಬಲ್ಲವರು. ರಾಜನ ಆಸ್ಥಾನದ ವಿಮರ್ಶಕನೇ ಸಾಮಾನ್ಯ ಜನರ ತಿಳಿವಳಿಕೆಗೆ ತಲೆಬಾಗಿದ. ಹಾಗೆಂದು ತನ್ನ ಪುಸ್ತಕ ಬರೆಯುವುದನ್ನು ನಿಲ್ಲಿಸಲಿಲ್ಲ. ಇದು ಸರಿ ಎಂದೆ. ಇದು ತಪ್ಪು ಎಂದೆ. ಜೊತೆಗೆ ಉದಾಹರಣೆ ಕೊಟ್ಟು ಯಾಕೆಂದು ತೋರಿಸಿದ. ಒಪ್ಪುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ಅಂಕಕ್ಕೂ ಕಾರಣಕ್ಕೂ ಇರುವ ವ್ಯತ್ಯಾಸ ಇದೇ. ಅಂಕವನ್ನು ನಂಬಬೇಕು ಇಲ್ಲವೆ ಬಿಡಬೇಕು. ಕಾರಣವನ್ನು ತೂಗಿ ನೋಡಬಹುದು. "ಈ ಗೇಮಿನಲ್ಲಿ ಕತೆ ನಿಧಾನ, ಮಾತು ಹೆಚ್ಚು" ಎಂದು ಒಬ್ಬ ದೂರಿದರೆ, ನಿಧಾನದ ಕತೆ ಮೆಚ್ಚುವವರಿಗೆ ಅದೇ ಶಿಫಾರಸು.

ಕಾರಣದ ಜೊತೆಗೆ ಇನ್ನೊಂದನ್ನೂ ನೋಡಬೇಕು. ಗಂಗಾವತಿಯಲ್ಲಿ ತಂಗಿ ಅಕ್ಕಿ ತರುವ ಅಂಗಡಿಯವರೊಬ್ಬರು ಇದ್ದಾರೆ. ಸೋನಾ ಮಸೂರಿಯ ಊರಲ್ಲವೆ, ಅಂಗಡಿಗಳಿಗೆ ಬರವಿಲ್ಲ. ಆದರೂ ಅವಳು ಅಲ್ಲಿಗೇ ಹೋಗುತ್ತಾಳೆ. ಒಮ್ಮೆ ಅವರು, "ಇದು ಹೊಸಾ ಅಕ್ಕಿ ಐತ್ರಿ ಅಕ್ಕಾರ, ಅನ್ನ ಮುದ್ದಿ ಆಕ್ಕೈತಿ. ಹಳೇದು ಬಂದ ಮ್ಯಾಲೆ ಹೇಳಿ ಕಳಸ್ತೀನಿ, ಈಗ ಐದ ಕೆಜಿ ಅಷ್ಟ ಒಯ್ರಿ" ಎಂದಿದ್ದರು. ಆವತ್ತಿನ ವ್ಯಾಪಾರ ಅವರಿಗೆ ನಷ್ಟವೇ. ಮಾರುವವರೇ ಆದರೂ ತಮ್ಮ ಲಾಭಕ್ಕೆ ವಿರುದ್ಧವಾಗಿ ಒಂದು ಮಾತು ಆಡಿದರು. ಆ ಒಂದು ಮಾತಿನ ಮೇಲೆ ಹದಿನೈದು ವರ್ಷದ ನಂಬಿಕೆ ನಿಂತಿದೆ.

ಇದೇ ಅಳತೆಗೋಲನ್ನು ಆ ಗರ್ಸ್ಟ್‌ಮನ್ನನಿಗೆ ಇಟ್ಟು ನೋಡಿ. ಅವನ ಕತೆ ಹೇಳಿ ನಮ್ಮ ಹುಡುಗ ವಿಮರ್ಶಕರೆಲ್ಲ ಮಾರಿಕೊಂಡವರು ಎನ್ನುತ್ತಾನೆ. ನನಗೆ ಆ ಕತೆ ತದ್ವಿರುದ್ಧವಾಗಿ ಕೇಳುತ್ತದೆ. ಮಾರಿಕೊಳ್ಳದ ಒಬ್ಬನಿದ್ದ, ಅದಕ್ಕಾಗಿ ಅನ್ನ ಕಳೆದುಕೊಂಡ. ಅವನು 2008ರಲ್ಲಿ ಗೆಳೆಯರ ಜೊತೆ ಜೈಂಟ್ ಬಾಂಬ್ ಎಂಬ ತನ್ನದೇ ತಾಣ ಕಟ್ಟಿದ. ಓದುಗರು ಚಂದಾ ಕೊಟ್ಟು ಅದನ್ನು ಬೆಂಬಲಿಸಿದರು. ನಾವು ಒಮ್ಮೆ ಯೋಚಿಸಬೇಕಾದ ವಿಷಯ ಇದು. ನಿಜ ಹೇಳುವವನಿಗೆ ಸಂಬಳ ಕೊಡುವವರು ಯಾರು? ಓದುವ ನಮಗೆ ಎಲ್ಲವೂ ಪುಕ್ಕಟೆ ಬೇಕು. ನಾವು ಕೊಡದಿದ್ದರೆ ಜಾಹೀರಾತಿನವರು ಕೊಡುತ್ತಾರೆ. ಕೊಟ್ಟವರು ಕೇಳಿಸಿಕೊಳ್ಳುತ್ತಾರೆ.

ಸರಕಾರವೂ ಸುಮ್ಮನೆ ಕೂತಿಲ್ಲ. ಹಣ ಪಡೆದು ವಸ್ತುವನ್ನು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂದು 2022ರ ಜೂನಿನಲ್ಲಿ ಮಾರ್ಗಸೂಚಿ ಬಂತು. ಅದೇ ವರ್ಷ ನವೆಂಬರಿನಲ್ಲಿ ಅಂತರ್ಜಾಲದ ಗ್ರಾಹಕ ಅಭಿಪ್ರಾಯಗಳಿಗೆಂದೇ ಭಾರತೀಯ ಮಾನಕ ಸಂಸ್ಥೆ ಒಂದು ಮಾನದಂಡ ಹೊರಡಿಸಿತು. ಒಳ್ಳೆಯದೇ. ಆದರೆ ಕಾನೂನು ಹಣ ಪಡೆದದ್ದನ್ನು ಹೇಳಿಸಬಹುದು, ಕಂಡದ್ದನ್ನು ಹೇಳುವ ಧೈರ್ಯವನ್ನು ಕೊಡಲಾರದು.

ಆ ಧೈರ್ಯದ ಬೆಲೆ ನಮಗೆ, ಹೆಣ್ಣುಮಕ್ಕಳಿಗೆ, ಬೇರೆ ರೀತಿಯಲ್ಲಿ ಗೊತ್ತು. ಗೇಮು ಸರಿಹೋಗದಿದ್ದರೆ, ಸ್ಟೀಮ್ ಎಂಬ ಅಂಗಡಿಯಲ್ಲಿ ಕೊಂಡದ್ದಾದರೆ, ಎರಡು ತಾಸಿಗಿಂತ ಕಡಿಮೆ ಆಡಿ ಹದಿನಾಲ್ಕು ದಿನದೊಳಗೆ ಕೇಳಿದವರಿಗೆ ಹಣ ವಾಪಸು ಕೊಡುತ್ತಾರಂತೆ. ಮಗಳನ್ನು ಕೊಟ್ಟ ಮನೆಗೆ ಅಂಥ ನಿಯಮ ಉಂಟೆ? ಲಗ್ನಕ್ಕೆ ಮುಂಚೆ ಅಕ್ಕಪಕ್ಕದವರನ್ನು ಕೇಳುತ್ತಾರಲ್ಲ, "ಹುಡುಗ ಹೆಂಗದಾನ್ರಿ?" ಎಂದು, ನಮ್ಮ ಬಾಳಿನ ಅತಿ ದೊಡ್ಡ ವಿಮರ್ಶೆ ಅದು. ನಾವು ಏನು ಹೇಳುತ್ತೇವೆ? "ಚಲೋ ಮಂದಿರಿ." ಮುಂಜಾನೆ ಎದ್ದರೆ ಮುಖ ನೋಡುವ ನೆರೆಯವರು, ಯಾಕೆ ಕೆಟ್ಟವರಾಗಬೇಕು? ಕೂಡಿದ ಸಂಬಂಧ ಮುರಿದ ಪಾಪ ನಮಗ್ಯಾಕೆ? ಇಲ್ಲಿ ಯಾರೂ ಹಣ ಕೊಟ್ಟಿಲ್ಲ. ಆದರೂ ನಮ್ಮ ಹತ್ತಕ್ಕೆ ಒಂಬತ್ತು ಅಂಕ ತಯಾರಿರುತ್ತದೆ.

ಕೆಲವು ವರ್ಷಗಳ ಹಿಂದೆ ಯಲಬುರ್ಗಾ ಕಡೆಯಿಂದ ತಾಯಿಯೊಬ್ಬರು ಹೀಗೆಯೇ ನಮ್ಮ ಮನೆಗೆ ಬಂದರು. ನಮ್ಮ ಓಣಿಯ ಹುಡುಗನೊಬ್ಬನಿಗೆ ಮಗಳನ್ನು ಕೊಡುವ ವಿಚಾರ. ಚಹಾ ಕುಡಿಯದೆ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ನಾನು ಹೇಳಿದೆ: "ದುಡಿಮಿ ಚಲೋ ಐತ್ರಿ. ಅವನ ತಾಯಿ ಭಾಳ ಒಳ್ಳೇಕಿ. ಆದ್ರ ಹುಡುಗ ಸಂಜಿಗೆ ಕುಡುದು ಬರೋದನ್ನ ನಾನ ಕಣ್ಣಾರೆ ನೋಡೀನಿ, ಒಂದ ಸಲ ಅಲ್ಲ. ಮನ್ಯಾಗ ಹೆಂಗಿರ್ತಾನ ನನಗ ಗೊತ್ತಿಲ್ರಿ." ಅಷ್ಟೇ. ಕೊಡಬೇಡಿ ಎನ್ನಲಿಲ್ಲ. ಆ ಸಂಬಂಧ ಮುಂದುವರಿಯಲಿಲ್ಲ. ಮಾತು ಹೇಗೋ ತಿರುಗಿ ಆ ಮನೆಗೆ ಮುಟ್ಟಿತು. ಪ್ರತಿ ವರ್ಷ ನಾಗರಪಂಚಮಿಗೆ ಆ ಮನೆಯಿಂದ ಬರುತ್ತಿದ್ದ ಉಂಡಿಯ ಡಬ್ಬಿ ಅಲ್ಲಿಂದ ಮುಂದೆ ಬರಲಿಲ್ಲ. ಈಗಲೂ ಇಲ್ಲ. ಆ ಒಳ್ಳೆಯ ತಾಯಿ ಎದುರು ಸಿಕ್ಕರೆ ಸೆರಗು ಸರಿಮಾಡಿಕೊಂಡು ಆ ಕಡೆ ಹೊರಳುತ್ತಾಳೆ. ನನಗೆ ನೋವಾಗುತ್ತದೆ.

ಒಬ್ಬ ಮನುಷ್ಯನ ಬಗ್ಗೆ ಹೀಗೆ ಹೇಳುವ ಹಕ್ಕು ನನಗೆ ಯಾರು ಕೊಟ್ಟರು ಎಂದು ನೀವು ಕೇಳಬಹುದು. ಅವನು ಮದುವೆಯಾಗಿ ಸುಧಾರಿಸುತ್ತಿದ್ದನೇನೋ. ನಿಜ, ಮನುಷ್ಯರಿಗೆ ಅಂಕ ಹಾಕುವ ಅಧಿಕಾರ ನನಗಿಲ್ಲ. ನಾನು ಹಾಕಲೂ ಇಲ್ಲ. ಕಂಡದ್ದು ಇಷ್ಟು, ಕಾಣದ್ದು ಇಷ್ಟು ಎಂದು ಎರಡನ್ನೂ ಬೇರೆ ಮಾಡಿ ಇಟ್ಟೆ. ಅವನ ಸುಧಾರಣೆಯ ಭರವಸೆಗೆ ಬೇರೊಬ್ಬರ ಮಗಳನ್ನು ಅವಳಿಗೆ ತಿಳಿಸದೆ ಅಡವಿಡುವ ಹಕ್ಕು ಕೂಡ ನನಗಿರಲಿಲ್ಲ. ಎಲ್ಲ ತಿಳಿದ ಮೇಲೂ ಆ ಹುಡುಗಿ ಒಪ್ಪಿದ್ದರೆ ಅದು ಅವಳ ತೀರ್ಮಾನವಾಗುತ್ತಿತ್ತು.

ನಮ್ಮ ಹುಡುಗ ಈಗಲೂ ವಿಮರ್ಶಕರನ್ನು ನಂಬುವುದಿಲ್ಲ. ಬದಲಿಗೆ ಯೂಟ್ಯೂಬಿನಲ್ಲಿ ಒಬ್ಬನನ್ನು ನಂಬುತ್ತಾನೆ. ಅವನು ದಿನಾ ಬಂದು ಉಳಿದವರೆಲ್ಲ ಮೋಸಗಾರರು ಎಂದು ಕೂಗುತ್ತಾನೆ, ನಡುವೆ ಒಂದು ಕುರ್ಚಿಯನ್ನೋ ಹೆಡ್‌ಫೋನನ್ನೋ ಹೊಗಳಿ ಮಾರುತ್ತಾನೆ. ಯಾರನ್ನೂ ನಂಬುವುದಿಲ್ಲ ಎನ್ನುವವರು ಕೊನೆಗೆ ತಮ್ಮ ಸಂಶಯವನ್ನು ಮೆಚ್ಚಿದವರನ್ನು ನಂಬುತ್ತಾರೆ. ಇದನ್ನು ಅವನಿಗೆ ಹೇಳಿದೆ. "ನೀ ಅಂದಿದ್ದೂ ಒಂದ್ಚೂರು ಖರೇ ಐತಿ ಬಿಡು" ಎಂದ. ಅವನಿಂದ ಅಷ್ಟು ಬಂದದ್ದೇ ದೊಡ್ಡದು.

ಅವನ ಕೈಗೆ ನಾನು ಕೊಟ್ಟದ್ದು ಮೂರು ಪ್ರಶ್ನೆಗಳು. ಹೇಳುವವನು ಕಾರಣ ಹೇಳುತ್ತಾನೆಯೆ? ತಾನು ನೋಡದ್ದು ಯಾವುದು ಎಂದು ಹೇಳುತ್ತಾನೆಯೆ? ತನಗೆ ನಷ್ಟವಾಗುವಂಥ ಮಾತನ್ನು ಎಂದಾದರೂ ಆಡಿದ್ದಾನೆಯೆ? ಮೂರಕ್ಕೂ ಹೌದು ಎಂದಾದರೆ ಅಂಥವರು ತಪ್ಪಿದರೂ ಅವರನ್ನು ಬಿಡಬಾರದು; ಎಲ್ಲರೂ ಒಂದೊಂದು ಸಲ ತಪ್ಪುತ್ತಾರೆ.

ಈ ಪ್ರಶ್ನೆಗಳು ಹೇಳುವ ಸರದಿ ನಮ್ಮದಾದಾಗಲೂ ಬಿಡುವುದಿಲ್ಲ. ನಾಳೆ ನಿಮ್ಮ ಮನೆಗೂ ಯಾರೋ ಒಬ್ಬ ತಾಯಿ ಬರುತ್ತಾಳೆ. ಶಾಲೆಯ ಬಗ್ಗೆಯೋ, ಡಾಕ್ಟರ ಬಗ್ಗೆಯೋ, ಪಕ್ಕದ ಮನೆಯ ಹುಡುಗನ ಬಗ್ಗೆಯೋ ಕೇಳುತ್ತಾಳೆ. ಅವಳು ಎಷ್ಟು ದೂರದಿಂದ ಬಂದಿದ್ದಾಳೆ, ನಿಮ್ಮ ಒಂದು ಮಾತಿನ ಮೇಲೆ ಏನನ್ನು ಇಡಲಿದ್ದಾಳೆ ಎಂಬುದನ್ನು ನೋಡಿ, ಆಮೇಲೆ ಮಾತಾಡಿ.